ತೆಂಗಿನಕಾಯಿಯ ಮೇಲೆ ಪಳಂಗಪ್ಪ ಮಾಸ್ತರರ ದಂಡಯಾತ್ರೆ

ವಾಗ್ದೇವಿ, ನಿನ್ನ ವೀಣೆಯನ್ನು ಕೊಂಚ ಪಕ್ಕಕ್ಕಿಟ್ಟು ಕಿವಿಗೆ ಹತ್ತಿ ಇಟ್ಟುಕೋ. ಈ ಕಥೆಯಲ್ಲಿ ಮದ್ದು ಸಿಡಿಯುತ್ತದೆ.

ಮೊಬೈಲ್ ಟವರುಗಳು ಬೆಟ್ಟಗಳ ನೆತ್ತಿಯನ್ನೇರಿ ಜಯಸ್ತಂಭಗಳಂತೆ ನಿಂತಿದ್ದ ಯುಗದಲ್ಲಿ, ರಕ್ತವರ್ಣದ ಸಿಲಿಂಡರಿನೊಳಗೆ ಅಗ್ನಿದೇವನು ಬಾಡಿಗೆದಾರನಂತೆ ನೆಲಸಿದ್ದ ಕಾಲದಲ್ಲಿ, ನಾಟಿ ಮುಗಿದ ಗದ್ದೆಗಳು ಹಸುರನ್ನುಟ್ಟು ನಿಂತಿರಲಾಗಿ, ಆಕಾಶವು ತಿಂಗಳುಗಳ ಬಳಿಕ ಮೊದಲ ಬಾರಿಗೆ ನೀಲಿ ಬಣ್ಣವನ್ನು ನೆನಪಿಸಿಕೊಂಡಿರಲಾಗಿ, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬವು ಹೊಸ್ತಿಲಿಗೆ ಬಂದಿರಲಾಗಿ, ಕೊಡಗಿನ ಒಂದು ಮೂಲೆಯ ಬೊಳ್ಳುಮಾಡೆಂಬ ಊರು ಒಬ್ಬ ವೀರನಿಗಾಗಿ ಕಾಯುತ್ತಿತ್ತು. ತಾನು ಹೀಗೆ ಕಾಯುತ್ತಿರುವುದು ಊರಿಗೆ ಗೊತ್ತಿರಲಿಲ್ಲ. ವೀರನಿಗೆ ಮಾತ್ರ ಗೊತ್ತಿತ್ತು.

ಯಾರು ಆ ವೀರ? ಶ್ವೇತಶ್ಮಶ್ರುಶೋಭಿತವದನ, ಬೈಫೋಕಲ್‌ಕನ್ನಡಕಭೂಷಿತನಾಸಿಕ, ಸೀಮೆಸುಣ್ಣಚೂರ್ಣಧವಳಿತಹಸ್ತ, ಕೈವಾರನಿರಪೇಕ್ಷವೃತ್ತಲೇಖನಚತುರ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದ ಪಳಂಗಪ್ಪನೇ ಆತ. ಕೈವಾರವನ್ನು ಮುಟ್ಟದೆ, ಉಸಿರು ಬಿಗಿಹಿಡಿದು, ಒಂದೇ ಬೀಸಿನಲ್ಲಿ ಕಪ್ಪುಹಲಗೆಯ ಮೇಲೆ ಪೂರ್ಣಚಂದ್ರನನ್ನು ಮೂಡಿಸುತ್ತಿದ್ದ ಅವನ ಬಲಗೈಯ ಕೀರ್ತಿ ಪಕ್ಕದ ಶಾಲೆಗಳಿಗೂ ಹಬ್ಬಿತ್ತು. ಶಾಲೆಯ ನಾಟಕಗಳಿಗೆ ಪರದೆ ಬರೆಯುತ್ತ ಬರೆಯುತ್ತ ನಾಟಕದ ಭಾಷೆಯೂ ಅವನ ನಾಲಗೆಗೆ ಬಣ್ಣದಂತೆ ಅಂಟಿಕೊಂಡಿತ್ತು. ಉದ್ವೇಗವಾದಾಗ ಅದು ತಾನಾಗಿ ಹೊರಬರುತ್ತಿತ್ತು.

ಅವನ ಆಯುಧ ಅಜ್ಜನ ಕಾಲದ ಒಂದು ಪಿಸ್ತೂಲು. ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ನಾರು ತುರುಕಿ, ಸೀಸದ ಗುಂಡನ್ನು ಇಳಿಬಿಟ್ಟು, ಗಜವೆಂಬ ಕಂಬಿಯಿಂದ ಜಡಿದು ಹೊಡೆಯಬೇಕಾದ ಪುರಾತನ ಅಸ್ತ್ರ. ಅದಕ್ಕೆ ಬೇಕಾದ ಗುಂಡು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮನೆಯಲ್ಲೇ ಎರಕ ಹೊಯ್ಯಬೇಕಿತ್ತು.

ಇಷ್ಟಕ್ಕೂ ಯುದ್ಧ ಯಾಕೆ? ಹಬ್ಬದ ದಿನ ಊರಿನ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕಳೆದ ವರ್ಷ ಪಳಂಗಪ್ಪನ ಗುಂಡು ಕಾಯಿಗೆ ತಾಗದೆ, ಮರಕ್ಕೂ ತಾಗದೆ, ಎಲ್ಲಿಗೆ ಹೋಯಿತೆಂದು ಇಂದಿಗೂ ತಿಳಿದಿಲ್ಲ. ಆಗ ಅವನ ಹೆಂಡತಿಯ ತಮ್ಮ, ಸೈನ್ಯದಲ್ಲಿ ಹವಾಲ್ದಾರನಾಗಿದ್ದು ಬಂದ ಬೆಳ್ಯಪ್ಪ, ಮೀಸೆಯೊಳಗೇ ನಕ್ಕು ಅಂದಿದ್ದ: “ಬಾವ, ಈ ಪಿಸ್ತೂಲು ನಂಗೆ ಕೊಡಿ. ನಿಮ್ಮತ್ರ ಇದ್ದು ಅದಕ್ಕೂ ಬೇಜಾರು.”

ಪಳಂಗಪ್ಪನು ಊರ ಹಿರಿಯನಾದ ತಕ್ಕ ಮಾದಯ್ಯನ ಎದುರಿಗೆ ಬಲಗೈಯನ್ನೆತ್ತಿ ಬೆಳ್ಯಪ್ಪನತ್ತ ಗರ್ಜಿಸಿದ್ದನು: “ಮುಂದಿನ ಹಬ್ಬದಂದು ಈ ಭುಜದಂಡವು ಆ ನಾರಿಕೇಳವನ್ನು ಧರೆಗುರುಳಿಸದಿದ್ದರೆ, ಪಿತಾಮಹದತ್ತವಾದ ಈ ಅಸ್ತ್ರವನ್ನು ನಿನಗೇ ಧಾರೆಯೆರೆದು ಕೊಡುವೆನು!”

“ಸರಿ, ಆಯ್ತು,” ಎಂದಿದ್ದನು ತಕ್ಕ. “ಈಗ ಊಟಕ್ಕೆ ನಡೀರಿ.”

ಈ ಪ್ರತಿಜ್ಞೆಯನ್ನು ಕೇಳಿ ಒಳಗೊಳಗೇ ಹಿಗ್ಗಿದವಳು ಒಬ್ಬಳಿದ್ದಳು. ಅವಳೇ ಪಳಂಗಪ್ಪನ ಧರ್ಮಪತ್ನಿ ಚೋಂದಮ್ಮ. ಬಿ.ಎ. ಓದಿದವಳು, ಔಷಧಿಯ ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಬಿಡದೆ ಓದುವವಳು, ಗ್ಯಾಸು ಆರಿಸಿದ ಮೇಲೆ ಮತ್ತೊಮ್ಮೆ ಹೋಗಿ ನೋಡುವವಳು. ಪಿಸ್ತೂಲು ಅವಳ ರೇಷ್ಮೆಸೀರೆಗಳ ಕೆಳಗೆ ಬೀರುವಿನಲ್ಲಿ ಮಲಗುತ್ತಿತ್ತು. ಮದ್ದಿನ ಡಬ್ಬಿ ಇಂಗಿನ ಡಬ್ಬಿಯ ಪಕ್ಕದಲ್ಲೇ ಕೂರುತ್ತಿತ್ತು. ಮದುವೆಯಾದಂದಿನಿಂದ ಅವಳು ಸಾರಿಗೆ ಇಂಗು ಹಾಕುವ ಮೊದಲು ಡಬ್ಬಿಯನ್ನು ಮೂಸಿ ನೋಡುತ್ತ ಬಂದಿದ್ದಳು. ಆ ಪಿಸ್ತೂಲು ಮನೆ ಬಿಟ್ಟು ಹೊಳೆಯಾಚೆಯ ತಮ್ಮನ ಮನೆ ಸೇರಿದರೆ ಅವಳಿಗೆ ನೆಮ್ಮದಿಯ ನಿದ್ದೆ. ಆದ್ದರಿಂದ ಇಡೀ ವರ್ಷ, ದೀಪ ಹಚ್ಚಿ ಕೈಮುಗಿಯುವಾಗಲೆಲ್ಲ, ಆ ಪತಿವ್ರತೆಯು ತನ್ನ ಗಂಡನ ಗುರಿ ತಪ್ಪಲಿ ಎಂದು ಬೇಡಿಕೊಂಡಳು. ತಪ್ಪೆಂದು ಅನ್ನಿಸಿದಾಗ, “ಸ್ವಲ್ಪವೇ ತಪ್ಪಲಿ,” ಎಂದು ತಿದ್ದಿಕೊಳ್ಳುತ್ತಿದ್ದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಹಾವೀರನು ಅಡುಗೆಮನೆಯನ್ನು ಆಕ್ರಮಿಸಿದನು. ಒಂದು ಕೈಯಲ್ಲಿ ಹಳೆಯ ಮೀನುಬಲೆಯಿಂದ ಬಿಚ್ಚಿ ತಂದ ಸೀಸದ ತುಂಡುಗಳು. ಇನ್ನೊಂದರಲ್ಲಿ ಗೋಡೆಯ ಮೊಳೆಯಿಂದ ಇಳಿಸಿಕೊಂಡ ಕಬ್ಬಿಣದ ಸೌಟು.

“ಆ ಒಗ್ಗರಣೆ ಸೌಟು ಎಂತಕ್ಕೆ ನಿಮ್ಮ ಕೈಲಿ?” ಎಂದಳು ಚೋಂದಮ್ಮ.

“ಪ್ರಿಯೆ, ಈ ಕ್ಷಣದಿಂದ ಇದು ಒಗ್ಗರಣೆಯ ಸೌಟಲ್ಲ. ರಣಯಜ್ಞದ ಸ್ರುವ!”

“ಅದರಲ್ಲಿ ಸೀಸ ಕರಗಿಸಿದರೆ ಮತ್ತೆ ಅಡುಗೆಗೆ ಬರೋದಿಲ್ಲ. ಸೀಸ ವಿಷ.”

“ಶತ್ರುವಿಗೆ ವಿಷವೇ ಯೋಗ್ಯ.”

“ಶತ್ರು ತೆಂಗಿನಕಾಯಿ. ಸಾರು ಕುಡಿಯೋರು ನಾವು.”

ಈ ವಾಗ್ಬಾಣದಿಂದ ಗಾಯಗೊಂಡ ವೀರನು ಹಿತ್ತಿಲಿಗೆ ಸೇನೆಯನ್ನು ಹಿಂತೆಗೆದನು. ಚೋಂದಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದಳು. ಹೊಗೆ ಒಳಗೇ ಸಿಕ್ಕಿಬಿದ್ದರೆ ಎಂದು ಮತ್ತೆ ತೆರೆದಳು. ಕೊನೆಗೆ ಮೂಗಿಗೆ ಸೆರಗು ಹಿಡಿದು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ತುಸು ದೂರದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಕೂತಳು. ಇನ್ನೇನೂ ಮಾಡಲಾಗದಿದ್ದಾಗ ಬಕೆಟ್ ನೀರು ಇಟ್ಟುಕೊಳ್ಳುವುದು ಅವಳ ಪದ್ಧತಿ.

ಆಹಾ, ಆ ದೃಶ್ಯವನ್ನು ಏನೆಂದು ಬಣ್ಣಿಸಲಿ! ಮೂರು ಕಲ್ಲಿನ ಒಲೆಯಲ್ಲಿ ಜ್ವಾಲೆಗಳು ನಾಲಗೆ ಚಾಚುತ್ತಿರಲಾಗಿ, ಸೌಟಿನೊಳಗಿನ ಸೀಸವು ಮೊದಲು ಬೆವರಿ, ಆಮೇಲೆ ಕುಗ್ಗಿ, ಕಡೆಗೆ ಬೆಳ್ಳಿಯ ಕೊಳದಂತೆ ಫಳಫಳಿಸುತ್ತಿರಲಾಗಿ, ಧೂಮಾರುಣನೇತ್ರನೂ ಸ್ವೇದಸ್ನಾತಬನಿಯನನೂ ಆದ ಪಳಂಗಪ್ಪನು, ಅಜ್ಜನ ಇಕ್ಕಳದಂಥ ಅಚ್ಚಿನೊಳಕ್ಕೆ ಆ ದ್ರವವನ್ನು ಹೊಯ್ದನು. ಅಚ್ಚು ತೆರೆದಾಗ ಹುಟ್ಟಿದ ಸಂತಾನದಲ್ಲಿ ಕೆಲವು ಬದನೆಕಾಯಿಯನ್ನು ಹೋಲುತ್ತಿದ್ದವು. ಕೆಲವಕ್ಕೆ ಧೂಮಕೇತುವಿನಂತೆ ಬಾಲವಿತ್ತು. ಒಂದಂತೂ ತಕ್ಕ ಮಾದಯ್ಯನನ್ನೇ ಹೋಲುತ್ತಿತ್ತು. ಅದನ್ನು ಅವನು ಗೌರವದಿಂದ ಮತ್ತೆ ಕರಗಿಸಿದನು.

ಹಲವು ಎರಕಗಳ ಬಳಿಕ ಸುಮಾರಾಗಿ ದುಂಡಗಿನ ಕೆಲವು ಗುಂಡುಗಳು ದಕ್ಕಿದವು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ಈ ಗುಂಡುಗಳು ಮರುದಿನ ನಡುಮನೆಯ ತೂಗುದೀಪದ ಎದುರಿಗೆ, ತೀರಿಹೋದ ಹಿರಿಯರ ಸನ್ನಿಧಿಯಲ್ಲಿ, ಪಿಸ್ತೂಲಿನ ಜೊತೆ ಪೂಜೆಗೆ ಕೂರಬೇಕಾದವು.

“ಹಿರಿಯರೆದುರು ಮೊಡವೆ ಮುಖ ಹೊತ್ತು ಕೂತರೆ ಚೆಂದವಾ?” ಎಂದ ಪಳಂಗಪ್ಪನು ಸ್ಯಾಂಡ್ ಪೇಪರು ತಂದು ಉಜ್ಜತೊಡಗಿದನು. ಮಧ್ಯಾಹ್ನದ ಊಟ ಬಂದು ಹೋಯಿತು. ಸಂಜೆಯ ಕಾಫಿ ಬಂದು ಹೋಯಿತು. ಅವನು ಉಜ್ಜುತ್ತಲೇ ಇದ್ದನು. ಬೆರಳುಗಳ ನಡುವೆ ಗುಂಡನ್ನು ತಿರುಗಿಸಿ, ಕನ್ನಡಕದ ಮೇಲಿನಿಂದಲೂ ಕೆಳಗಿನಿಂದಲೂ ನೋಡಿ, ಮತ್ತೆ ಉಜ್ಜುವನು.

“ಇಷ್ಟು ತಿಕ್ಕಿದರೆ ಸಣ್ಣ ಆಗೋದಿಲ್ವಾ?” ಎಂದು ಕೇಳಿದಳು ಚೋಂದಮ್ಮ.

“ಚೋಂದೂ, ದುಂಡಗಿನ ವಸ್ತುಗಳ ವಿಷಯ ನಂಗೆ ಬಿಡು.”

ಅವಳು ಬಿಟ್ಟಳು. ಅವಳ ಕಣ್ಣು ಗುಂಡಿನ ಮೇಲಿರಲಿಲ್ಲ, ಅವನ ಬೆರಳುಗಳ ಮೇಲಿತ್ತು. ಈಚೆಗೆ ಆ ಬೆರಳುಗಳು ಕಾಫಿಲೋಟ ಎತ್ತುವಾಗ ತುಸು ನಡುಗುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕೊನೆಗೆ ಮುತ್ತಿನಂಥ ಒಂದು ಗುಂಡು ಸಿದ್ಧವಾಯಿತು. ಅವನು ಅದನ್ನು ಖಾಲಿ ಪಿಸ್ತೂಲಿನ ಬಾಯಿಗೆ ಇಟ್ಟು ನೋಡಿದನು. ಅದು ತಡೆಯಿಲ್ಲದೆ ಸರ್ರನೆ ಒಳಗಿಳಿಯಿತು. “ನೋಡು, ಎಷ್ಟು ಸಲೀಸು!” ಎಂದು ಅವನು ಹಿಗ್ಗಿದನು. ಹೋದಷ್ಟೇ ಸಲೀಸಾಗಿ ಅದು ಹೊರಗೂ ಬರಬಲ್ಲದೆಂಬ ತತ್ತ್ವವು ಅವನಿಗೆ ಆಗ ಹೊಳೆಯಲಿಲ್ಲ.

ಹಬ್ಬದ ದಿನ ಉದಯವಾಯಿತು. ತೂಗುದೀಪದ ಕೆಳಗೆ ಪಿಸ್ತೂಲು ಮಲಗಿತು. ಅದಕ್ಕೆ ಗಂಧ ಹಚ್ಚಿದರು. ಕೆಂಪು ಹಳದಿ ದಳಗಳ ತೋಕ್‌ಪೂ, ಅಂದರೆ ಕೋವಿಯ ಹೂವನ್ನು, ಮುಡಿಸಿದರು. ಪಕ್ಕದಲ್ಲಿ ವೀಳ್ಯದೆಲೆಯ ಮೇಲೆ ಆ ಗುಂಡು ಎಳೆಮಗುವಿನಂತೆ ಹೊಳೆಯುತ್ತಿತ್ತು. ಪಳಂಗಪ್ಪನು ವಿಜಯವನ್ನು ಬೇಡಿದನು. ಅವನ ಹಿಂದೆ ನಿಂತ ಚೋಂದಮ್ಮ ಕಣ್ಣುಮುಚ್ಚಿ ತನಗೆ ಬೇಕಾದ್ದನ್ನು ಬೇಡಿದಳು. ಹಿರಿಯರು ಒಂದೇ ದೀಪದ ಎದುರಿಗೆ ಎರಡು ಅರ್ಜಿಗಳನ್ನು ಪಡೆದು ಏನು ಮಾಡಬೇಕೆಂದು ತೋಚದೆ ಸುಮ್ಮನಿದ್ದರು.

ಊಟದ ಬಳಿಕ ರಣರಂಗ. ಬಯಲಿನ ಕೊನೆಯ ಮರದ ಕೊಂಬೆಯಿಂದ ತೆಂಗಿನಕಾಯಿ ತೂಗುತ್ತಿತ್ತು. ಅದರ ಹಿಂದೆ ಮಣ್ಣಿನ ದಿಬ್ಬ. ಈ ಸಲ ಕಾಯಿ ಕಟ್ಟುವ ಸರದಿ ಬೆಳ್ಯಪ್ಪನದಾಗಿತ್ತು. ಅವನು ಬಾವಿಯಿಂದ ನಿವೃತ್ತಿ ಹೊಂದಿದ ಒಂದು ತೆಂಗಿನ ಹಗ್ಗದಲ್ಲಿ ಕಾಯಿಗಳನ್ನು ಕಟ್ಟಿದ್ದನು. ಅವನ ಕೋವಿಗೆ ಅವನ ಕಾಯಿ ಆಗಲೇ ಚೂರುಚೂರಾಗಿತ್ತು. ಆ ಸದ್ದಿಗೆ ಚದುರಿದ್ದ ಕಾಗೆಗಳು ಮರಳಿ ಬಂದು ಕೊಂಬೆಯ ತುಂಬ ಕೂತಿದ್ದವು.

ಈಗ ಪಳಂಗಪ್ಪನ ಸರದಿ. ಕುಪ್ಯವೆಂಬ ಕರಿಯ ನಿಲುವಂಗಿಯನ್ನು ಧರಿಸಿದವನೂ ಕಟಿಬದ್ಧಪೀಚೆಕತ್ತಿಭೀಷಣನೂ ಆದ ಅವನು, ಒಂದೊಂದು ಹೆಜ್ಜೆಗೂ ಭೂಮಿ ನಡುಗಬೇಕೆಂಬ ಇರಾದೆಯಿಂದ ನಡೆದು ಬಂದು ನಿಂತನು.

“ಕೇಳಿರಯ್ಯ ಬೊಳ್ಳುಮಾಡಿನ ಜನರೇ! ಕ್ಷೀರಸಮುದ್ರದಂಥ ಒಡಲುಳ್ಳ ಆ ಜಟಾಧಾರಿ ರಕ್ಕಸನು ಕೊಂಬೆಯಲ್ಲಿ ತೂಗಾಡುತ್ತ ಈ ಊರನ್ನು ಅಣಕಿಸುತ್ತಿದ್ದಾನೆ. ಇಂದು ಅವನ ಕಪಾಲ ಭೇದಿಸದೆ ಈ ಪಳಂಗಪ್ಪ ಮರಳುವುದಿಲ್ಲ!”

“ಮಳೆ ಬರೋದರೊಳಗೆ ಭೇದಿಸಿ ಬಾವ,” ಎಂದನು ಬೆಳ್ಯಪ್ಪ.

ಪಳಂಗಪ್ಪನು ಮದ್ದು ಸುರಿದನು. ನಾರು ತುರುಕಿದನು. ಗುಂಡು ಇಳಿಬಿಟ್ಟನು. ಅದರ ಮೇಲೆ, ಗುಂಡು ಕದಲದಿರಲೆಂದು, ಇನ್ನೊಂದು ನಾರಿನ ಉಂಡೆ ತುರುಕಲು ಹೊರಟನು.

“ಇನ್ನೂ ಎಷ್ಟು ತುರುಕ್ತೀರಿ ಮಾರಾಯ್ರೆ, ದಿಂಬಿಗೆ ಹತ್ತಿ ತುಂಬಿದ ಹಾಗೆ? ತಲೆ ಇಟ್ಟು ಮಲಗ್ತೀರಾ?” ಎಂದನು ಬೆಳ್ಯಪ್ಪ.

ಸುತ್ತಲಿದ್ದವರು ನಕ್ಕರು. ಅಭಿಮಾನಧನನಾದ ವೀರನು ಎರಡನೆಯ ನಾರನ್ನು ತೃಣಸಮಾನವಾಗಿ ಎಸೆದುಬಿಟ್ಟನು. ಮದ್ದಿಗೆ ಕಿಡಿ ಹಾಯಿಸುವ ಕೇಪು ಇಟ್ಟನು. ತೋಳು ಎತ್ತುವ ಮೊದಲು ಊರಿನ ಪದ್ಧತಿ ನೆನಪಾಯಿತು: ಗುಂಡು ಹೊಡೆಯುವವನು ಮೊದಲು ಹಿರಿಯರ ಕಾಲಿಗೆ ಬೀಳಬೇಕು.

ಊರಿಗೆಲ್ಲ ಹಿರಿಯಳಾದ ದೇಚವ್ವ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಕಿವಿ ಕೇಳದು, ಕಣ್ಣು ಅಷ್ಟಕ್ಕಷ್ಟೆ. ಅವಳ ಪಕ್ಕದಲ್ಲೇ ಚೋಂದಮ್ಮ ನಿಂತು, ಪಿಸ್ತೂಲಿನ ಬಾಯಿ ಯಾವ ಕಡೆಗಿದೆಯೆಂದು ಕಣ್ಣೆವೆಯಿಕ್ಕದೆ ನೋಡುತ್ತಿದ್ದಳು. ಪಳಂಗಪ್ಪನು ಬಂದನು. ಕೇಪಿಗೆ ಬಡಿಯುವ ಕುದುರೆಯನ್ನು ಇನ್ನೂ ಎಳೆದಿಲ್ಲವೆಂದು ಹೆಂಡತಿಗೆ ತೋರಿಸಿದನು. ಪಿಸ್ತೂಲನ್ನು ಪಕ್ಕದ ನೆಲದತ್ತ ಇಳಿಬಿಟ್ಟು, ಬೆನ್ನು ಬಗ್ಗಿಸಿ, ಮುದುಕಿಯ ಕಾಲು ಮುಟ್ಟಿದನು.

ಆಗ ಪಿಸ್ತೂಲಿನ ಬಾಯಿಯಿಂದ ಗುಂಡು ಹೊರಟಿತು. ಸದ್ದಿಲ್ಲ, ಹೊಗೆಯಿಲ್ಲ. ನಿದ್ದೆಯಿಂದೆದ್ದ ಇಲಿಮರಿಯಂತೆ ಮೆಲ್ಲನೆ ಹೊರಗಿಣುಕಿ, ಹುಲ್ಲಿನ ಮೇಲೆ ಬಿದ್ದು, ಉರುಳಿ ಬಂದು, ಚೋಂದಮ್ಮನ ಚಪ್ಪಲಿಯ ಎದುರಿಗೆ ನಿಂತಿತು.

“ಗೆದ್ದು ಬಾ ಮಗಾ,” ಎಂದಳು ದೇಚವ್ವ.

ಒಂದು ವರ್ಷದ ಪ್ರಾರ್ಥನೆಗೆ ಇಷ್ಟು ನೇರವಾದ ಉತ್ತರವನ್ನು ಚೋಂದಮ್ಮ ನಿರೀಕ್ಷಿಸಿರಲಿಲ್ಲ. ಒಂದು ಮಾತು ಆಡಿದರೆ ಅವನು ಮತ್ತೆ ತುಂಬಿಕೊಳ್ಳುತ್ತಾನೆ. ಆಡದಿದ್ದರೆ ಪಿಸ್ತೂಲು ಇವತ್ತೇ ಹೊಳೆ ದಾಟುತ್ತದೆ. ಇಂಗಿನ ಡಬ್ಬಿಯನ್ನು ಇನ್ನು ಮೂಸಬೇಕಿಲ್ಲ. ಅವಳ ಬಾಯಿ ತೆರೆಯಿತು. ಆದರೆ ಬಾಯಿಗಿಂತ ಮೊದಲು ಅವಳ ಬಲಗಾಲು ಮುಂದೆ ಬಂದು ಗುಂಡಿನ ಮೇಲೆ ಕೂತಿತು. ಕಾಲು ಕೂತ ಮೇಲೆ ಬಾಯಿಗೆ ಕೆಲಸವಿರಲಿಲ್ಲ, ಅದು ಮುಚ್ಚಿಕೊಂಡಿತು.

ಪಳಂಗಪ್ಪನು ಗುರಿ ಹಿಡಿದನು. ಕುಲಪರ್ವತಗಳು ಉಸಿರು ಬಿಗಿಹಿಡಿದವು, ದಿಗ್ಗಜಗಳು ಕಿವಿ ಮುಚ್ಚಿಕೊಂಡವು, ಬೆಳ್ಯಪ್ಪನು ಆಕಳಿಸಿದನು. ಢಂ! ಎಂಬ ಮಹಾಘೋಷವು ಬಯಲನ್ನು ತುಂಬಿತು. ಕರಿಮೋಡದಂಥ ಹೊಗೆಯು ವೀರನನ್ನು ನುಂಗಿತು. ಜನರೆಲ್ಲ ಕಣ್ಣು ಮುಚ್ಚಿಕೊಂಡರು. ಅಪಾಯದ ಹೊತ್ತಿನಲ್ಲಿ ಎಂದೂ ಕಣ್ಣು ಮುಚ್ಚದ ಚೋಂದಮ್ಮ ಮಾತ್ರ ನಡೆದದ್ದನ್ನು ಕಂಡಳು: ಸದ್ದಿಗೆ ಬೆಚ್ಚಿದ ಕಾಗೆಗಳ ಹಿಂಡು ಕೊಂಬೆಯಿಂದ ಒಮ್ಮೆಲೇ ಹಾರಿತು, ಭಾರ ಕಳೆದುಕೊಂಡ ಕೊಂಬೆ ಮೇಲಕ್ಕೆ ಚಿಮ್ಮಿತು, ಬಾವಿಯ ಹಳೆಯ ಹಗ್ಗ ಪಟ್ಟೆಂದು ಕಡಿಯಿತು, ತೆಂಗಿನಕಾಯಿ ಧೊಪ್ಪನೆ ನೆಲಕ್ಕೆ ಬಿತ್ತು.

“ಬಿತ್ತು! ಮಾಸ್ತರ್ ಹೊಡೆದ್ರು!” ಎಂದು ಬಯಲು ಕೂಗಿತು.

ಹೊಗೆಯಿಂದ ಹೊರಬಂದ ಪಳಂಗಪ್ಪನು ಬಿದ್ದ ಕಾಯಿಯನ್ನು ಕಂಡು ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬೆಳ್ಯಪ್ಪನು ಓಡಿಹೋಗಿ ಅದನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿದನು.

“ತಕ್ಕರೇ, ತೂತೇ ಇಲ್ಲ. ಗೀರು ಕೂಡ ಇಲ್ಲ.”

“ಹಗ್ಗಕ್ಕೆ ತಾಗಿರಬಹುದಲ್ಲ?” ಎಂದಿತು ಜನ.

ತಕ್ಕ ಮಾದಯ್ಯನು ಹಗ್ಗದ ತುದಿಯನ್ನು ಮೂಗಿನ ಹತ್ತಿರ ತಂದನು. ತುದಿಯಲ್ಲಿ ಬರೀ ನಾರು. ಅವನು ಧರ್ಮಸೂಕ್ಷ್ಮವನ್ನು ಬಹಳ ಹೊತ್ತು ಚಿಂತಿಸಿ ತೀರ್ಪಿತ್ತನು: “ಹಗ್ಗಕ್ಕೆ ತಾಗಿದ್ದರೆ ಗುಂಡು ಹಿಂದಿನ ದಿಬ್ಬದಲ್ಲಿರಬೇಕು. ಹುಡುಕಿ. ಸಿಕ್ಕಿದರೆ ಮಾಸ್ತರು ಗೆದ್ದರು. ಸಿಗದಿದ್ದರೆ ಆಕಾಶಕ್ಕೆ ಹೊಡೆದ ಲೆಕ್ಕ.”

ಗಂಡಸರೆಲ್ಲ ಕತ್ತಿಯಿಂದ, ಕೋಲಿನಿಂದ, ಉಗುರಿನಿಂದ ದಿಬ್ಬವನ್ನು ಕೆದಕತೊಡಗಿದರು. ಒಬ್ಬನಿಗೆ ಬಾಟಲಿಯ ಮುಚ್ಚಳ ಸಿಕ್ಕಿತು. ಒಬ್ಬನಿಗೆ ಏಡಿ ಸಿಕ್ಕಿತು. ಇಲ್ಲ, ಗುಂಡು ಇಲ್ಲ.

ಚೋಂದಮ್ಮ ಕಾಲು ಕದಲಿಸದೆ ನಿಂತಿದ್ದಳು. ಗೆಲುವು ಅವಳದೇ ಆಗಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು. ಅವಳು ಗಂಡನತ್ತ ನೋಡಿದಳು. ನೋಡಬಾರದಿತ್ತು.

ಪಳಂಗಪ್ಪನು ಕಾಯಿಯನ್ನು ನೋಡುತ್ತಿರಲಿಲ್ಲ, ದಿಬ್ಬವನ್ನೂ ನೋಡುತ್ತಿರಲಿಲ್ಲ. ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಬೆರಳುಗಳನ್ನು ಚಾಚಿ, ಅವು ನಡುಗುತ್ತಿವೆಯೋ ಎಂದು ನೋಡುತ್ತಿದ್ದನು. ಯಾವ ನಾಟಕದ ಮಾತೂ ಅವನ ಬಾಯಲ್ಲಿರಲಿಲ್ಲ. ಆಗ ಅವಳಿಗೆ ತಿಳಿಯಿತು: ಅವನು ಪಣಕ್ಕಿಟ್ಟದ್ದು ಪಿಸ್ತೂಲನ್ನಲ್ಲ.

ಚೋಂದಮ್ಮ ಚಪ್ಪಲಿಯ ಬಾರು ಸರಿಪಡಿಸುವವಳಂತೆ ಬಗ್ಗಿದಳು. ಎದ್ದಳು. ಸೀರೆಯ ನೆರಿಗೆ ಎತ್ತಿಕೊಂಡು, ಸಭ್ಯಳಾದ ಸೇನಾಧಿಪತಿಯಂತೆ ಬಯಲನ್ನು ದಾಟಿ, ಗಂಡಸರ ನಡುವೆ ದಾರಿ ಮಾಡಿಕೊಂಡು ದಿಬ್ಬದ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಮುಷ್ಟಿಯನ್ನು ಮಣ್ಣಿನೊಳಗೆ ತೂರಿಸಿದಳು. ಅತ್ತಿತ್ತ ಕೈಯಾಡಿಸಿ ಹೊರಗೆಳೆದಳು.

“ಇಲ್ಲಿದೆಯಲ್ಲ! ಕಣ್ಣಿದ್ದೂ ಕಾಣೋದಿಲ್ಲ ನಿಮಗೆ.”

ಅಂಗೈ ಮೇಲೆ ಗುಂಡು ಹೊಳೆಯಿತು. ಬಯಲು ಮತ್ತೊಮ್ಮೆ ಕೂಗಿತು. ತಕ್ಕನು ತಲೆದೂಗಿದನು. ಆದರೆ ಬೆಳ್ಯಪ್ಪನು ಗುಂಡನ್ನು ಎತ್ತಿಕೊಂಡು ಎರಡು ಬೆರಳಲ್ಲಿ ತಿರುಗಿಸಿದನು. ಎಷ್ಟೋ ಗುಂಡುಗಳನ್ನು ಹಾರಿಸಿದವನು ಅವನು.

“ಅಕ್ಕಾ,” ಎಂದನು ಮೆಲ್ಲಗೆ, “ಇದು ಎಲ್ಲಿಗೂ ತಾಗಿದ ಹಾಗೆ ಕಾಣೋದಿಲ್ಲ. ಚೂರೂ ಚಪ್ಪಟೆ ಆಗಿಲ್ಲ.”

“ಮಣ್ಣು ಮೆತ್ತಗಿತ್ತು.”

“ಮತ್ತೆ ಹಗ್ಗ?”

“ಹಗ್ಗ ಹಳೇದು. ಅದನ್ನ ಕಟ್ಟಿದ್ದು ಯಾರು?”

“ನಾನು.”

“ಬಾವಿಗೆ ಆಗದ ಹಗ್ಗ ಪಂದ್ಯಕ್ಕೆ ಆಗ್ತದಾ? ತಕ್ಕರನ್ನ ಕರೆದು ಕೇಳೋಣವಾ?”

ಬೆಳ್ಯಪ್ಪನು ಅಕ್ಕನ ಮುಖವನ್ನು ನೋಡಿದನು. ಗಡಿಯಲ್ಲಿ ಶೆಲ್ಲುಗಳು ಬೀಳುವಾಗ ಅಲುಗದ ಆ ಯೋಧನು, ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗ ತನ್ನನ್ನು ದಿಟ್ಟಿಸಿದ್ದ ಅದೇ ಕಣ್ಣುಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದನು.

“ಬಾವ ಗೆದ್ದರು!” ಎಂದು ಕೂಗಿದನು, ಎಲ್ಲರಿಗಿಂತ ಜೋರಾಗಿ.

ಪಳಂಗಪ್ಪನಿಗೆ ಮಾತು ಮರಳಿತು. ಅದು ಎಷ್ಟು ಮರಳಿತೆಂದರೆ, ಬಯಲಿನಿಂದ ಮನೆಯವರೆಗೆ ಆ ಭಾಷಣವು ನಿಲ್ಲಲಿಲ್ಲ. ದಾರಿಯಲ್ಲಿ ಎದುರಾದ ಎಮ್ಮೆಯೊಂದೂ ಕಪಾಲಭೇದನದ ವೃತ್ತಾಂತವನ್ನು ಪೂರ್ತಿಯಾಗಿ ಕೇಳಿತು. ಚೋಂದಮ್ಮ ಹಿಂದಿನಿಂದ, ಪಿಸ್ತೂಲಿನ ಬಾಯಿ ಕೆಳಗಿದೆಯೆಂದು ಖಚಿತಪಡಿಸಿಕೊಳ್ಳುತ್ತ ನಡೆದಳು. ಅದು ಮತ್ತೆ ಬೀರುವಿನೊಳಗೆ, ಮದುವೆಯ ಸೀರೆಯ ಕೆಳಗೆ ಮಲಗಿತು.

ಹೀಗೆ ಮುಗಿದ ಮಹಾಸಮರದಲ್ಲಿ ವಶವಾದ ರಾಜ್ಯಕೋಶಾದಿ ಸಮಸ್ತ ಸಂಪತ್ತು ಎಂದರೆ ತೆಂಗಿನಕಾಯಿ ಒಂದು. ಸಂಜೆ ನೆಂಟರು ಬರುವವರಿದ್ದರು, ಪಾಪುಟ್ಟೆಂಬ ಹಬೆಯ ತಿಂಡಿಗೆ ಕಾಯಿತುರಿ ಬೇಕಿತ್ತು. ಆದ್ದರಿಂದ ರಿಪುನಾರಿಕೇಳಗರ್ವಭಂಜನನು ಕುಪ್ಯವನ್ನು ಕಳಚಿಟ್ಟು, ಬನಿಯನ್ನಿನಲ್ಲಿ, ತುರೆಮಣೆಯ ಮೇಲೆ ಕಾಲು ಮಡಚಿ ಕೂತು, ಒಡೆದ ಕಾಯಿಯ ಹೋಳನ್ನು ತುರಿಯುತ್ತಿದ್ದನು. ಬಿಳಿಯ ತುರಿ ತಟ್ಟೆಯಲ್ಲಿ ಗುಡ್ಡೆಯಾಗುತ್ತಿತ್ತು. ಚೋಂದಮ್ಮ ಒಲೆಯ ಮೇಲೆ ಹಬೆಯ ಪಾತ್ರೆ ಇಡುತ್ತಿದ್ದಳು.

ತುರಿಯುವ ಸದ್ದು ನಿಂತಿತು.

“ಚೋಂದೂ.”

“ಎಂತ?”

“ಗುಂಡು ಹೋಗುವಾಗ ಪಿಸ್ತೂಲು ಕೈಗೆ ಒದೀತದೆ.”

“ಹೌದಾ.”

“ಇವತ್ತು ಅಷ್ಟೇನೂ ಒದೀಲಿಲ್ಲ.”

ಚೋಂದಮ್ಮ ಪಾತ್ರೆಯ ಮುಚ್ಚಳ ಹಾಕಿದಳು, ಉರಿ ಸಣ್ಣ ಮಾಡಿದಳು, ಸಣ್ಣದಾಗಿದೆಯೇ ಎಂದು ಬಗ್ಗಿ ನೋಡಿದಳು.

“ಮುಂದಿನ ವರ್ಷ ಮೊದಲು ಕಾಲಿಗೆ ಬಿದ್ದು ಬನ್ನಿ,” ಎಂದಳು. “ಗುಂಡು ಆಮೇಲೆ ತುಂಬಿ.”

ಮಹಾವೀರನು ತುರಿದು ಮುಗಿದ ಕರಟವನ್ನು ಪಕ್ಕಕ್ಕಿಟ್ಟನು. ಆಮೇಲೆ ಕಾಯಿಯ ಇನ್ನೊಂದು ಹೋಳನ್ನು ಕೈಗೆತ್ತಿಕೊಂಡನು.